ಭೂಕಂಪದ ಸುದ್ದಿಯಲ್ಲಿ ಗೋಡೆಯೂ ಇರಲಿ

ಮಾನ್ಯ ಸಂಪಾದಕರೇ,

ದೇಶದಲ್ಲಿ ಎಲ್ಲಿ ಭೂಕಂಪವಾದರೂ ಪತ್ರಿಕೆಗಳಲ್ಲಿ ಮೊದಲು ಬರುವುದು ರಿಕ್ಟರ್ ಅಂಕಿ, ಆಮೇಲೆ ಸತ್ತವರ ಸಂಖ್ಯೆ. ನಾನು ಆಳಂದದ ಕಡೆ ಗೌಂಡಿ ಕೆಲಸ ಮಾಡಿ ಬದುಕಿದವನು. ಫೋಟೊ ನೋಡಿದರೆ ನನ್ನ ಕಣ್ಣು ಹೋಗುವುದು ಬಿದ್ದ ಗೋಡೆಯ ಮೇಲೆ. ಅದರ ಬಗ್ಗೆ ಬರೆದದ್ದು ಸಿಗುವುದೇ ಅಪರೂಪ.

1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಾದ ಭೂಕಂಪ ನಮ್ಮ ಭಾಗಕ್ಕೆ ಪಕ್ಕದ ಮನೆಯ ಸಾವಿದ್ದ ಹಾಗೆ. ಗಣಪತಿ ಕಳಿಸಿ ಮಲಗಿದ್ದ ಜನ ನಸುಕಿನಲ್ಲೇ ಹೋದರು, ಹೆಚ್ಚೂಕಡಿಮೆ ಹತ್ತು ಸಾವಿರ ಮಂದಿ. ಪೇಪರ್‌ಗಳಲ್ಲಿ ಜಾಸ್ತಿ ಬಂದದ್ದು ಸಾಲು ಚಿತೆಗಳು, ಮಂತ್ರಿಗಳ ಭೇಟಿ, ಕೆಲವು ದಿನಗಳ ನಂತರ ಜೀವಂತ ಸಿಕ್ಕ ಕೂಸು. ಕೂಸಿನ ಸುದ್ದಿ ಬೇಡ ಅನ್ನುತ್ತಿಲ್ಲ. ನಾನೂ ಓದಿ ಅತ್ತವನೇ. ಆದರೆ ಕಂಪನ 6ರ ಆಸುಪಾಸಿನದು. ಅಷ್ಟಕ್ಕೆ ಇಷ್ಟು ಸಾವು ಯಾಕೆ? ಆ ಗೋಡೆಗಳು ಎರಡು ಮುಖದವು. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಮಣ್ಣು, ಕಲ್ಲಿನ ಚೂರು. ಎರಡನ್ನೂ ಹಿಡಿಯುವ ಉದ್ದ ಕಲ್ಲಿಲ್ಲ. ಮೇಲೆ ಮಾಳಿಗೆಯ ಮಣ್ಣಿನ ಭಾರ ಬೇರೆ. ನಮ್ಮೂರಲ್ಲೂ ಅಂಥವೇ ಮನೆಗಳಿದ್ದವು. ಅಪಾಯದ ನಕ್ಷೆಯಲ್ಲಿ ಆಗ ಕಿಲ್ಲಾರಿ ಇದ್ದದ್ದು ಎಲ್ಲಕ್ಕಿಂತ ಕಡಿಮೆ ಅಪಾಯದ 1ನೇ ವಲಯದಲ್ಲಿ! 2002ರಲ್ಲಿ ಆ ವಲಯವನ್ನೇ ತೆಗೆದುಹಾಕಿದರು. ಮುಖಪುಟಕ್ಕೆ ಇದು ಸಾಲದಾ?

1934ರ ಬಿಹಾರ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ಬಂದ ಶಿಕ್ಷೆ ಎಂದಿದ್ದರು ಗಾಂಧೀಜಿ. ಟ್ಯಾಗೋರರು ಒಪ್ಪಲಿಲ್ಲ. ಅವರ ಆಕ್ಷೇಪವನ್ನು ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದರು. ದೊಡ್ಡ ಮನಸ್ಸು ಬಿಡಿ. ಈಗ ಪಾಪದ ಜಾಗಕ್ಕೆ ‘ಪ್ರಕೃತಿಯ ಮುನಿಸು’ ಬಂದಿದೆ. ಪ್ರಕೃತಿ ಮುನಿದರೆ ಕಟ್ಟಿದವನನ್ನು ಕೇಳುವವರಾರು?

2001ರ ಭುಜ್ ಭೂಕಂಪದಲ್ಲಿ ಕೇಳಿದರು ನಿಜ. 200 ಕಿ.ಮೀ.ಗಿಂತ ದೂರದ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟ್‌ಗಳು ಕುಸಿದಾಗ ಪತ್ರಿಕೆಗಳು ಬಿಲ್ಡರ್‌ಗಳ ಬೆನ್ನು ಹತ್ತಿದವು. ಅಲ್ಲಿದ್ದವರು ಪೇಪರ್ ಕೊಳ್ಳುವ ಜನ ಅಂತಲೋ ಏನೋ.

2021ರಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ನೆಲ ಮತ್ತೆ ಮತ್ತೆ ನಡುಗಿತು. ಹೆದರಿ ಹೊರಗೆ ಮಲಗಿದ ಜನರ ಫೋಟೊ ಬಂತು. ಆಮೇಲೆ ಆ ಮನೆಗಳ ಗತಿ ಏನಾಯಿತು? ನಿಮ್ಮ ವರದಿಗಾರರನ್ನು ಒಮ್ಮೆ ಕಳಿಸಿ, ಜೊತೆಗೊಬ್ಬ ಗೌಂಡಿಯೂ ಇರಲಿ. ಗೋಡೆಯಲ್ಲಿ ಉದ್ದ ಕಲ್ಲು ಇದೆಯಾ, ಗೋಡೆಗಳನ್ನೆಲ್ಲ ಒಟ್ಟಿಗೆ ಹಿಡಿಯಲು ಬಾಗಿಲ ಮೇಲೆ ಮನೆ ಸುತ್ತ ಕಾಂಕ್ರೀಟ್ ಪಟ್ಟಿ ಹಾಯ್ದಿದೆಯಾ ಎಂದು ಅವನು ಹೇಳುತ್ತಾನೆ. ಅದನ್ನು ಬರೆಯಿರಿ.

– ಹಳೆಯ ಗೌಂಡಿ, ಆಳಂದ