ಹಕ್ಕಿಯ ಪೆಟ್ಟಿಗೆ ಬರುವುದಿಲ್ಲ

ಒಡಾವಾರಾ, ಜಪಾನ್

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಬೆಂಕಿಪೊಟ್ಟಣದ ಅರ್ಧದಷ್ಟಿರುವ ಎರಡು ನಿಯೋಡಿಮಿಯಮ್ ಎಂಬ ಬಲು ಜೋರಿನ ಅಯಸ್ಕಾಂತಗಳು ಮೇಜಿನ ಮೇಲೆ ತುಸು ಹತ್ತಿರವಾದೊಡನೆ ಹಾರಿ ಬಂದು ಕಚ್ಚಿಕೊಂಡವು, ನಡುವೆ ನನ್ನ ಬೆರಳು. ಒಂದರ ಮೂಲೆ ಪಿಂಗಾಣಿಯಂತೆ ಚೂರಾಯಿತು. ಒಡೆದ ರೇಡಿಯೋದ ಕರಿಯ ಅಯಸ್ಕಾಂತವನ್ನು ಹೊಳೆಯ ಮರಳಿನಲ್ಲಿ ಎಳೆದು ಕಪ್ಪು ಪುಡಿ ಕೂಡಿಸುತ್ತಿದ್ದೆನಲ್ಲ, ಅದು ಇದರ ಮುಂದೆ ಮುದುಕ. ಈ ಜಾತಿಯನ್ನು 1982ರಲ್ಲಿ ಕಂಡುಹಿಡಿದವರಲ್ಲಿ ಜಪಾನಿನವರೇ ಆದ ಮಸಾಟೊ ಸಗಾವಾ ಒಬ್ಬರು.

ಪಕ್ಕದ ಹಾಕೋನೆಯ ಗುಟ್ಟಿನ ಪೆಟ್ಟಿಗೆಗಳ ಬಗ್ಗೆ ಫೋನಿನಲ್ಲಿ ಹೇಳಿದ್ದೆ. ಹಲಗೆಗಳನ್ನು ಸರಿಯಾದ ಕ್ರಮದಲ್ಲಿ ಜರುಗಿಸಿದರೆ ಮಾತ್ರ ತೆರೆಯುತ್ತವೆ. ನಾನು ಮಾಡಿದ್ದರಲ್ಲಿ ಮುಚ್ಚಳದೊಳಗೆ ಅಯಸ್ಕಾಂತದ ತಲೆಯುಳ್ಳ ಪುಟ್ಟ ಅಗುಳಿಯಿದೆ. ಮರದ ಹಕ್ಕಿಯೊಂದನ್ನು ಸರಿಯಾದ ಜಾಗದಲ್ಲಿ ಕೂರಿಸಿದರೆ ಅಗುಳಿ ಮೇಲೇಳುತ್ತದೆ, ಮುಚ್ಚಳ ಜಾರುತ್ತದೆ. ಮೊದಲ ಬಾರಿ ಹಕ್ಕಿಗೆ ಅಯಸ್ಕಾಂತವನ್ನು ತಲೆಕೆಳಗಾಗಿ ಅಂಟಿಸಿಬಿಟ್ಟೆ. ಹಕ್ಕಿ ಕೂತಷ್ಟೂ ಅಗುಳಿ ಇನ್ನೂ ಭದ್ರವಾಯಿತು! ಉಳಿಯಿಂದ ಕೆತ್ತಿ ತೆಗೆದೆ. ಈಗ ಪ್ರತಿಯೊಂದಕ್ಕೂ ಕೆಂಪು ಚುಕ್ಕೆ ಇಟ್ಟ ಮೇಲೆಯೇ ಅಂಟು.

ಕಾರ್ಖಾನೆಯ ಹಿರಿಯರು ಹತ್ತು ನಿಮಿಷ ತಡಕಾಡಿ ಕೆಳಗಿಟ್ಟರು. ಇದು ಒಗಟಲ್ಲ, ಕತ್ತಲಲ್ಲಿ ಸೂಜಿ ಹುಡುಕಿದಂತೆ ಎಂದರು. ಮುನಿಸು ಬಂತು, ಆದರೆ ಅವರ ಮಾತು ನಿಜ. ಕಾಣದ ಅಯಸ್ಕಾಂತವನ್ನು ಬಚ್ಚಿಡುವುದು ಯಾರಿಗೂ ಬರುತ್ತದೆ. ಸುಳಿವು ಕೊಡುವುದೇ ಕಷ್ಟ. ಮುಚ್ಚಳದ ಅಂಚಿನಲ್ಲಿ ಇನ್ನೊಂದು ಸಣ್ಣದನ್ನು ಹುದುಗಿಸಿದೆ. ಮೇಲಿನ ಮರ ಆರು ಮಿಲಿಮೀಟರ್ ಇದ್ದಾಗ ಏನೂ ತಿಳಿಯಲಿಲ್ಲ. ಮೂರಕ್ಕೆ ತೆಳುವಾಗಿಸಿದೊಡನೆ, ಹಕ್ಕಿ ಅದರ ಮೇಲೆ ಹಾಯುವಾಗ ಯಾರೋ ಸೆರಗು ಹಿಡಿದಂತೆ ಕೈಗೆ ಒಂದು ಜಗ್ಗು. ಬೆರಳಿಗೆ ಅನುಮಾನ ಬಂದರೆ ಸಾಕು, ತಲೆ ಹಿಂದೆಯೇ ಓಡುತ್ತದೆ.

ಆದರೆ ಈ ಪೆಟ್ಟಿಗೆಯನ್ನು ಕಳುಹಿಸುವುದಿಲ್ಲ. ಅಪ್ಪ ಏನು ಸಿಕ್ಕರೂ ಎದೆಗೊತ್ತಿಕೊಂಡೇ ಬಿಚ್ಚುವವರು, ಬಲವಾದ ಅಯಸ್ಕಾಂತ ಹತ್ತಿರವಿದ್ದರೆ ಅವರ ಪೇಸ್‌ಮೇಕರ್‌ನ ನಡೆಯೇ ಬದಲಾಗುತ್ತದೆ. ಪುಟ್ಟನಂತೂ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾನೆ. ಇಂಥ ಎರಡು ಹೊಟ್ಟೆಗೆ ಹೋದರೆ ಕರುಳಿನ ಗೋಡೆಯನ್ನು ನಡುವೆ ಹಿಡಿದು ತೂತು ಮಾಡಿಬಿಡುತ್ತವೆ.

ಬದಲಿಗೆ ಹಳೆಯ ಬಗೆಯದನ್ನು, ಬರೀ ಮರದ್ದನ್ನು ಕಳುಹಿಸಿದ್ದೇನೆ. ಏಳು ಬಾರಿ ಜರುಗಿಸಬೇಕು. ಯಾವ ಹಲಗೆ ಮೊದಲೆಂದು ಕೇಳಬೇಡ, ಹೇಳುವುದಿಲ್ಲ. ಅಪ್ಪ ಸುತ್ತಿಗೆ ತರದಂತೆ ನೋಡಿಕೋ.

ನಿನ್ನ ಮಗ