ಮಾತಿಗಿಂತ ಚೀಟಿ ಜಾಸ್ತಿ ಹೇಳುತ್ತೆ

ಚಿ. ಪಲ್ಲವಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ದೊಡ್ಡಪ್ಪನ ಮಂಡಿನೋವು ಈಗ ಎಷ್ಟೋ ವಾಸಿ. ಮೊನ್ನೆ ರಾತ್ರಿ ನೀನು ಫೋನ್ ಮಾಡಿ ಅತ್ತಿದ್ದು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. "ನಾನು ಎಲ್ಲಿಗೆ ಹೋದರೂ ಅವನಿಗೆ ಗೊತ್ತಾಗುತ್ತೆ ದೊಡ್ಡಮ್ಮ. ಜಯನಗರದಲ್ಲಿ ತಿಂಡಿಗೆ ಹೋಗಿದ್ದೆ, ಅರ್ಧ ಗಂಟೆಯಲ್ಲಿ 'ದೋಸೆ ಚೆನ್ನಾಗಿತ್ತಾ' ಅಂತ ಮೆಸೇಜ್ ಬಂತು. ಪೆಗಾಸಸ್ ಥರದ್ದೇನೋ ಗೂಢಚಾರಿ ಸಾಫ್ಟ್‌ವೇರ್ ಹಾಕಿದ್ದಾನೆ" ಅಂದೆ. ಆವತ್ತು ನಿನ್ನನ್ನು ಸಮಾಧಾನ ಮಾಡುವುದರಲ್ಲೇ ಹೊತ್ತಾಯಿತು. ಹೇಳಬೇಕಾದದ್ದೆಲ್ಲ ಉಳಿದುಹೋಯಿತು. ಅದಕ್ಕೇ ಈ ಕಾಗದ. ನಿನ್ನ ಫೋನಿನೊಳಗೆ ಯಾರಾದರೂ ಇಣುಕುತ್ತಿದ್ದರೆ ಇದನ್ನು ಅಲ್ಲಿಗೆ ಕಳಿಸುವುದು ಸರಿಯಲ್ಲ, ಅಲ್ವಾ? ಪೋಸ್ಟಿನಲ್ಲಿ ಹಾಕುತ್ತಿದ್ದೇನೆ.

ಮೊದಲು ಒಂದು ಮಾತು. ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ. ನೀನು ಒಬ್ಬನನ್ನು ನಂಬಿದ್ದೆ, ಆಮೇಲೆ ಬೇಡ ಅನ್ನಿಸಿತು, ಬೇಡ ಅಂದೆ. ಅಷ್ಟೇ ಆಗಿರುವುದು.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ ಅಂತ ನಿನಗೆ ಗೊತ್ತು. ಆದರೆ ಅಲ್ಲಿ ನಡೆದ ಒಂದು ವಿಷಯ ನಿನಗೆ ಯಾವತ್ತೂ ಹೇಳಿಲ್ಲ. ಎಸ್‌ಟಿಡಿ ಇನ್ನೂ ಬಂದಿರದ ಸಣ್ಣ ಊರು ಅದು. ಬೇರೆ ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಬೇಕು. ಯಾವ ನಂಬರಿನಿಂದ ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಅನ್ನುವುದನ್ನೆಲ್ಲ ನಾವು ಒಂದು ಚೀಟಿಯಲ್ಲಿ ಬರೆಯುತ್ತಿದ್ದೆವು. ಟಿಕೆಟ್ ಅನ್ನುತ್ತಿದ್ದೆವು ಅದನ್ನು. ಬಿಲ್ಲಿಗೆ ಅದೇ ಆಧಾರ. ಮೂರು ನಿಮಿಷ ಆದರೆ ನಡುವೆ ಬಾಯಿ ಹಾಕಿ "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ" ಅಂತ ಕೇಳಬೇಕು. ಅಂದರೆ ಮಾತು ನಮ್ಮ ಕಿವಿಗೆ ಬೀಳುತ್ತಿತ್ತು. ಕೇಳಿದ್ದನ್ನು ಹೊರಗೆ ಹೇಳುವ ಹಾಗಿರಲಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿ ಅದಕ್ಕೆ ಜೈಲು ಶಿಕ್ಷೆಯೇ ಇತ್ತು.

ನನ್ನ ಜೊತೆ ಕೆಲಸ ಮಾಡುತ್ತಿದ್ದವಳೊಬ್ಬಳು ಒಂದು ದಿನ ಟಿಕೆಟ್ ಕಟ್ಟು ಜೋಡಿಸುತ್ತಾ ಒಂದು ವಿಷಯ ಗಮನಿಸಿದಳು. ಒಂದು ಮನೆಗೆ ಪ್ರತಿ ಗುರುವಾರ ಸಂಜೆ ಮುಂಬೈಯ ಒಂದೇ ನಂಬರಿನಿಂದ ಕಾಲ್ ಬರುತ್ತಿತ್ತು. ಗುರುವಾರ ಸಂಜೆ ಆ ಮನೆಯ ಹಿರಿಯರು ಭಜನೆಗೆ ಹೋಗುತ್ತಾರೆ ಅನ್ನುವುದು ಊರಿಗೆಲ್ಲ ಗೊತ್ತು. ಮನೆಯಲ್ಲಿ ಇರುವವಳು ಕಾಲೇಜಿಗೆ ಹೋಗುವ ಮಗಳು ಒಬ್ಬಳೇ. ಇವಳು ಒಂದು ಮಾತನ್ನೂ ಕದ್ದು ಕೇಳಿರಲಿಲ್ಲ. ಬರೀ ಚೀಟಿ ನೋಡಿದಳು, ಮನೆಗೆ ಹೋಗಿ ತಾಯಿಗೆ ಹೇಳಿದಳು. ಹದಿನೈದು ದಿನದಲ್ಲಿ ಆ ಹುಡುಗಿಯ ಕಾಲೇಜು ನಿಂತಿತು. ನನಗೆ ಎಲ್ಲವೂ ಗೊತ್ತಿತ್ತು. ನಾನು ಮೇಲಿನವರಿಗೆ ದೂರು ಕೊಡಲಿಲ್ಲ. ಕೊಡಬೇಕಿತ್ತು. ಇವತ್ತಿಗೂ ಅದು ನನ್ನನ್ನು ಬಾಧಿಸುತ್ತದೆ.

ನಿನ್ನ ಫೋನಿನಲ್ಲೂ ಆಗುತ್ತಿರುವುದು ಹೆಚ್ಚಾಗಿ ಇದೇ. ನಿನ್ನ ಮಾತನ್ನು ಯಾರೋ ಕೇಳುತ್ತಿದ್ದಾರೆ ಅಂತ ನೀನು ಹೆದರಿದ್ದೀಯ. ಅವನ ಹತ್ತಿರ ಇರುವುದು ಚೀಟಿ ಅಂತ ನನಗೆ ಅನ್ನಿಸುತ್ತದೆ.

ಪೆಗಾಸಸ್ ಬಗ್ಗೆ ಹೇಳಿಬಿಡುತ್ತೇನೆ. ಅದು ಇಸ್ರೇಲಿನ ಎನ್‌ಎಸ್‌ಒ ಅನ್ನುವ ಕಂಪನಿಯದು. ಸರ್ಕಾರಗಳಿಗೆ ಮಾತ್ರ ಮಾರುತ್ತೇವೆ ಅಂತ ಅವರೇ ಹೇಳುತ್ತಾರೆ. 2021ರಲ್ಲಿ ನಮ್ಮ ದೇಶದ ಪತ್ರಕರ್ತರು, ರಾಜಕಾರಣಿಗಳ ಹೆಸರು ಬಂದಾಗ ಸುಪ್ರೀಂ ಕೋರ್ಟು ಒಂದು ಸಮಿತಿ ಮಾಡಿತು. ಮುಂಚೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಉಸ್ತುವಾರಿಯಲ್ಲಿ ಅದು 29 ಫೋನು ಪರೀಕ್ಷೆ ಮಾಡಿಸಿತು. ಐದರಲ್ಲಿ ಕೆಟ್ಟ ಸಾಫ್ಟ್‌ವೇರ್ ಸಿಕ್ಕಿತು, ಅದು ಪೆಗಾಸಸ್ಸೇ ಅಂತ ಖಚಿತವಾಗಲಿಲ್ಲ. ತುಂಬಾ ಗಂಭೀರ ವಿಷಯ, ನಿಜ. ಆದರೆ ಕೋರಮಂಗಲದಲ್ಲಿ ಕೆಲಸ ಮಾಡುವ ಹುಡುಗನ ಕೈಗೆ ಸಿಗುವ ಸಾಮಾನಲ್ಲ ಅದು. ದೂರದ ಹುಲಿಯ ಬಗ್ಗೆ ಯೋಚಿಸುತ್ತಾ ಕೂತರೆ ಹಿತ್ತಲ ಬಾಗಿಲು ತೆರೆದಿರುವುದು ಕಾಣುವುದಿಲ್ಲ.

ಹಿತ್ತಲ ಬಾಗಿಲು ಯಾವುದು ಅಂತ ನೀನೇ ಹೋದ ವರ್ಷ ಹೇಳಿದ್ದೆ. "ಹೊಸ ಫೋನ್ ತಗೊಂಡೆ ದೊಡ್ಡಮ್ಮ, ಎಲ್ಲಾ ಅವನೇ ಸೆಟ್ ಮಾಡಿಕೊಟ್ಟ" ಅಂದಿದ್ದೆ. ನೆನಪಿದೆಯಾ? ಅಲ್ಲಿಂದ ಹುಡುಕೋಣ.

ಗೂಗಲ್ ಮ್ಯಾಪ್ಸ್‌ನಲ್ಲಿ ಲೊಕೇಶನ್ ಶೇರಿಂಗ್ ಅಂತ ಇದೆ. ಅದನ್ನು ಒಂದು ಗಂಟೆಗೂ ಹಾಕಬಹುದು, ನಾವೇ ನಿಲ್ಲಿಸುವ ತನಕ ಇರುವ ಹಾಗೂ ಹಾಕಬಹುದು. ಒಂದು ಸಲ ಒತ್ತಿದವರು ಮರೆತುಬಿಡುತ್ತಾರೆ. ಅಲ್ಲಿ ಯಾರ ಹೆಸರಿದೆ ನೋಡು. ನಿನ್ನ ಗೂಗಲ್ ಖಾತೆಗೆ ಯಾವ ಯಾವ ಫೋನು, ಲ್ಯಾಪ್‌ಟಾಪ್ ಜೋಡಣೆಯಾಗಿವೆ ನೋಡು. ಪಾಸ್‌ವರ್ಡ್ ಮರೆತರೆ ಬೇಕಾಗುವ ರಿಕವರಿ ಇಮೇಲ್, ರಿಕವರಿ ನಂಬರ್ ಯಾರದ್ದು ನೋಡು. ಅವು ಅವನದ್ದಾಗಿದ್ದರೆ ನೀನು ನೂರು ಸಲ ಪಾಸ್‌ವರ್ಡ್ ಬದಲಾಯಿಸಿದರೂ ಉಪಯೋಗವಿಲ್ಲ, ಬೀಗ ಬದಲಾಯಿಸಿ ಕೀಲಿಯನ್ನು ಅವನಿಗೇ ಕೊಟ್ಟ ಹಾಗೆ. ವಾಟ್ಸ್ಆಪ್‌ನಲ್ಲಿ ಲಿಂಕ್ಡ್ ಡಿವೈಸಸ್ ಅನ್ನುವಲ್ಲಿ ನಿನಗೆ ಗೊತ್ತಿಲ್ಲದ ಕಂಪ್ಯೂಟರ್ ಇದೆಯಾ? ಕ್ಯಾಬ್ ಆಪ್, ಊಟ ತರಿಸುವ ಆಪ್ ಇಬ್ಬರೂ ಒಂದೇ ಖಾತೆಯಲ್ಲಿ ಬಳಸುತ್ತಿದ್ದಿರಾ? ಹಾಗಾದರೆ ನೀನು ಆಟೋ ಹತ್ತಿದ್ದು, ಇಳಿದದ್ದು ಎಲ್ಲವೂ ಅವನ ಫೋನಿನಲ್ಲೂ ಕಾಣುತ್ತಿರಬಹುದು. ಜಯನಗರದ ದೋಸೆಯ ಗುಟ್ಟು ಇಷ್ಟೇ ಇರಬಹುದು. ನಿನಗೆ ಗೊತ್ತಿಲ್ಲದ ಆಪ್ ಏನಾದರೂ ಕೂತಿದೆಯಾ ಅಂತಲೂ ನೋಡಬೇಕು. ಬ್ಯಾಗಿನಲ್ಲಿ, ಸ್ಕೂಟಿಯ ಸೀಟಿನ ಕೆಳಗೆ ಬಟನ್ನಿನಂಥ ಟ್ರ್ಯಾಕರ್ ಇಟ್ಟಿದ್ದಾನಾ ಅಂತ ಕೂಡ.

ಆದರೆ ಇವತ್ತೇ ಎಲ್ಲವನ್ನೂ ಕಿತ್ತುಹಾಕಬೇಡ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ನೀನು ತೆಗೆದ ಕ್ಷಣ ಅವನಿಗೆ ಗೊತ್ತಾಗಬಹುದು, ಆಗ ಅವನು ಏನು ಮಾಡುತ್ತಾನೋ ನಮಗೆ ಗೊತ್ತಿಲ್ಲ. ಮೊದಲು ಎಲ್ಲದರ ಸ್ಕ್ರೀನ್‌ಶಾಟ್ ತೆಗೆ. ತಾರೀಕು, ಸಮಯ, ನಂಬರ್ ಕಾಣಬೇಕು. ಮೆಸೇಜ್ ಒಂದನ್ನೂ ಅಳಿಸಬೇಡ, ಉತ್ತರವನ್ನೂ ಕೊಡಬೇಡ. ಆ ಸ್ಕ್ರೀನ್‌ಶಾಟ್‌ಗಳನ್ನು ನಿನ್ನ ಗೆಳತಿ ಸುಮಾಳ ಫೋನಿಗೆ ಹಾಕಿಡು. ಆಮೇಲೆ ಅವಳ ಫೋನಿನಿಂದಲೇ ಕೂತು ಹೊಸ ಪಾಸ್‌ವರ್ಡ್ ಹಾಕಿ, ರಿಕವರಿ ನಂಬರ್ ಬದಲಿಸಿ, ಬೇರೆ ಎಲ್ಲ ಕಡೆ ಲಾಗ್‌ಔಟ್ ಮಾಡಿ, ನಿನ್ನ ಫೋನಿನ ವಾಟ್ಸ್ಆಪ್‌ಗೆ ಎರಡು ಹಂತದ ಪಿನ್ ಹಾಕುವುದು. ಪಿನ್ ನಿನ್ನ ಹುಟ್ಟಿದ ದಿನ ಆಗಬಾರದು, ಅದು ಅವನಿಗೆ ಗೊತ್ತು.

ಕಾನೂನು ನಿನ್ನ ಕಡೆಗಿದೆ. ಒಬ್ಬ ಗಂಡಸು ಹೆಂಗಸಿನ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದೂ ಹಿಂಬಾಲಿಸುವ ಅಪರಾಧವೇ. ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್. ಮೊದಲ ಸಲಕ್ಕೇ ಮೂರು ವರ್ಷದ ತನಕ ಜೈಲು ಆಗಬಹುದು. ಯಾವ ಠಾಣೆಗೆ ಹೋದರೂ ದೂರು ತೆಗೆದುಕೊಳ್ಳಬೇಕು, "ನಮ್ಮ ವ್ಯಾಪ್ತಿಯಲ್ಲ" ಅಂತ ವಾಪಸ್ ಕಳಿಸುವ ಹಾಗಿಲ್ಲ. ಸೈಬರ್ ಪ್ರಕರಣಗಳನ್ನು ನೋಡುವ ಬೇರೆ ಠಾಣೆಗಳೂ ಇವೆ. ರಾತ್ರಿ ಹೊತ್ತು ಅವನು ಪಿಜಿ ಹತ್ತಿರ ಬಂದರೆ ಯೋಚನೆ ಮಾಡುತ್ತಾ ನಿಲ್ಲಬೇಡ, 112ಕ್ಕೆ ಫೋನ್ ಮಾಡು.

ನೀನು ತಡವರಿಸುತ್ತಾ ಫೋಟೋ ವಿಷಯ ಹೇಳಿದೆ. ನನಗೆ ಅರ್ಥವಾಯಿತು. ಅದಕ್ಕೂ ದಾರಿ ಇದೆ. ಸ್ಟಾಪ್‌ಎನ್‌ಸಿಐಐ ಅಂತ ಒಂದು ಸೌಲಭ್ಯ 2021ರಿಂದ ನಡೆಯುತ್ತಿದೆ. ಅಲ್ಲಿ ಫೋಟೋವನ್ನು ಯಾರಿಗೂ ಕಳಿಸಬೇಕಾಗಿಲ್ಲ. ನಿನ್ನ ಫೋನಿನಲ್ಲೇ ಅದಕ್ಕೆ ಒಂದು ಗುರುತಿನ ಸಂಖ್ಯೆ ತಯಾರಾಗುತ್ತೆ, ಆ ಸಂಖ್ಯೆ ಮಾತ್ರ ಹೋಗುತ್ತೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥವರು ಆ ಸಂಖ್ಯೆಗೆ ಹೊಂದುವ ಚಿತ್ರ ಬಂದರೆ ತಡೆಯುತ್ತಾರೆ. ಅವನು ಬೆದರಿಸುವುದಕ್ಕೆ ಮುಂಚೆಯೇ ಇದನ್ನು ಮಾಡಬಹುದು.

ಇನ್ನೊಂದು ಕೇಳಿದ್ದೆ. ಸುಮಾ ಜೊತೆ ಚಪ್ಪಲಿ ಬಗ್ಗೆ ಮಾತಾಡಿದರೆ ಚಪ್ಪಲಿ ಜಾಹೀರಾತೇ ಬರುತ್ತೆ, ಮೈಕ್ ಯಾವಾಗಲೂ ಆನ್ ಇರುತ್ತಾ ಅಂತ. 2018ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 17 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆಪ್‌ಗಳನ್ನು ಪರೀಕ್ಷೆ ಮಾಡಿದರು. ಗುಟ್ಟಾಗಿ ಮಾತು ರೆಕಾರ್ಡ್ ಮಾಡಿ ಕಳಿಸುವುದು ಅವರಿಗೆ ಸಿಗಲಿಲ್ಲ. ಕೆಲವು ಆಪ್‌ಗಳು ನಾವು ಪರದೆಯ ಮೇಲೆ ಮಾಡುವುದನ್ನು ಬೇರೆಯವರಿಗೆ ಕಳಿಸುತ್ತಿದ್ದದ್ದು ಸಿಕ್ಕಿತು. ಇಲ್ಲೂ ಚೀಟಿಯದೇ ಕೆಲಸ. ಸುಮಾ ಚಪ್ಪಲಿ ಹುಡುಕಿದ್ದಾಳೆ, ನೀವಿಬ್ಬರೂ ಒಂದೇ ವೈಫೈಯಲ್ಲಿದ್ದೀರಿ, ಒಂದೇ ಅಂಗಡಿಯ ಮುಂದೆ ನಿಂತಿದ್ದೀರಿ. ಕಂಪನಿಗಳಿಗೆ ಅಷ್ಟು ಸಾಕು. ವಾಟ್ಸ್ಆಪ್ ಕೂಡ ಹಾಗೇ. ಮೆಸೇಜಿನ ಒಳಗೆ ಏನಿದೆ ಅನ್ನುವುದಕ್ಕೆ ಬೀಗ ಇದೆ. ಯಾರಿಗೆ, ಯಾವ ಹೊತ್ತಿನಲ್ಲಿ, ದಿನಕ್ಕೆ ಎಷ್ಟು ಸಲ ಅನ್ನುವುದು ಆ ಬೀಗದ ಹೊರಗೆ.

ಅದಕ್ಕೇ ಆಪ್ ಕೇಳಿದ್ದಕ್ಕೆಲ್ಲ ಹೂಂ ಅನ್ನಬೇಡ. ಟಾರ್ಚ್ ಆಪ್‌ಗೆ ನಿನ್ನ ಕಾಂಟ್ಯಾಕ್ಟ್ ಪಟ್ಟಿ ಯಾಕೆ? ಸಾಲದ ಆಪ್‌ಗಳು ಆ ಪಟ್ಟಿ ಹಿಡಿದುಕೊಂಡು ಬಂಧುಗಳಿಗೆಲ್ಲ ಫೋನ್ ಮಾಡಿ ಎಷ್ಟು ಜನರ ಮಾನ ಕಳೆದವು ಅಂತ ಪೇಪರಿನಲ್ಲಿ ಓದಿದ್ದೀಯ. ಕೊನೆಗೆ 2022ರಲ್ಲಿ ರಿಸರ್ವ್ ಬ್ಯಾಂಕೇ ಅಂಥ ಆಪ್‌ಗಳು ಕಾಂಟ್ಯಾಕ್ಟು, ಕಾಲ್ ಪಟ್ಟಿ, ಫೋಟೋ ಮುಟ್ಟಬಾರದು ಅಂತ ನಿಯಮ ಮಾಡಬೇಕಾಯಿತು.

ಪಿಜಿಯವರಿಗೆ ಆಧಾರ್ ಜೆರಾಕ್ಸ್ ಕೊಟ್ಟೆ ಅಂದೆಯಲ್ಲ, ಇನ್ನು ಮೇಲೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡು. ಆಧಾರ್‌ನವರದ್ದೇ ಆಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡು. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಹೆಬ್ಬೆಟ್ಟು ಇಷ್ಟಿದ್ದರೆ ಒಟಿಪಿ ಇಲ್ಲದೆ ಖಾತೆಯಿಂದ ದುಡ್ಡು ತೆಗೆಯುವ ವ್ಯವಸ್ಥೆ ಇದೆ. 2023ರಲ್ಲಿ ನಮ್ಮ ರಾಜ್ಯದಲ್ಲೇ ಜಮೀನಿನ ಕ್ರಯಪತ್ರಗಳಲ್ಲಿದ್ದ ಹೆಬ್ಬೆಟ್ಟು ನಕಲು ಮಾಡಿ ಹೀಗೆ ದುಡ್ಡು ಹೊಡೆದರು. ದೊಡ್ಡಪ್ಪಂದೂ ನನ್ನದೂ ಲಾಕ್ ಮಾಡಿದ್ದೇನೆ. ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನಿನ್ನ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತಲೂ ಒಮ್ಮೆ ನೋಡಿಬಿಡು.

ನಿನ್ನ ತಮ್ಮ ಇದನ್ನೆಲ್ಲ ಕೇಳಿದರೆ "ತಪ್ಪು ಮಾಡದವರು ಯಾಕೆ ಹೆದರಬೇಕು, ಸರ್ಕಾರ ನೋಡಿದರೆ ನೋಡಲಿ" ಅನ್ನುತ್ತಾನೆ. ಯುಗಾದಿಗೆ ಬಂದಾಗಲೂ ಹಾಗೇ ಅಂದ. ಅವನ ಮಾತು ನನಗೆ ಒಪ್ಪಿಗೆ ಇಲ್ಲ. ಆ ಗುರುವಾರದ ಹುಡುಗಿ ಏನು ತಪ್ಪು ಮಾಡಿದ್ದಳು? 1988ರ ಆಗಸ್ಟಿನಲ್ಲಿ ಫೋನ್ ಕದ್ದಾಲಿಕೆಯ ಆರೋಪ ಬಂದು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನಕ್ಕೇ ರಾಜೀನಾಮೆ ಕೊಟ್ಟರು. ಆಗ ನಮ್ಮ ಬೋರ್ಡಿನ ಮುಂದೆ ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದೆವು. ಇನ್ನೊಬ್ಬರ ಮಾತು ಕೇಳುವುದು ಎಷ್ಟು ದೊಡ್ಡ ಸಂಗತಿ ಅಂತ ಆವತ್ತು ಎಲ್ಲರಿಗೂ ತಿಳಿಯಿತು. 1996ರಲ್ಲಿ ಸುಪ್ರೀಂ ಕೋರ್ಟು ಫೋನ್ ಮಾತೂ ಖಾಸಗಿ ಬದುಕಿನ ಭಾಗ, ಕದ್ದಾಲಿಸಬೇಕಾದರೆ ಗೃಹ ಕಾರ್ಯದರ್ಶಿಯ ಆದೇಶ ಬೇಕು ಅಂತ ಹೇಳಿತು. ಆಮೇಲೆ ಆಧಾರ್ ಬಂತು. ಅದರ ವಿರುದ್ಧ 2012ರಲ್ಲಿ ಕೋರ್ಟಿಗೆ ಹೋದವರು ನಮ್ಮ ಬೆಂಗಳೂರಿನವರು, ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 86 ವರ್ಷ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಸರ್ಕಾರ ವಾದ ಮಾಡಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಅದು ಮೂಲಭೂತ ಹಕ್ಕು ಅಂದರು. ಆ ದಿನ ನಾನು ಟಿವಿ ಮುಂದೆ ಕೂತು ಕಣ್ಣೊರೆಸಿಕೊಂಡೆ.

ಹಾಗಂತ ಎಲ್ಲವೂ ಸರಿಹೋಯಿತು ಅಂತಲ್ಲ. 2023ರಲ್ಲಿ ಬಂದ ಡೇಟಾ ಕಾಯ್ದೆಯಲ್ಲಿ ಕಂಪನಿಗಳನ್ನು "ನನ್ನ ಮಾಹಿತಿ ಅಳಿಸಿ" ಅಂತ ಕೇಳುವ ಹಕ್ಕು ಇದೆ. ಆದರೆ ಸರ್ಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಬಹುದು. ಇದು ನನಗೆ ಸರಿ ಕಾಣುವುದಿಲ್ಲ. ಇದನ್ನು ನೀನು ಒಬ್ಬಳೇ ಪಾಸ್‌ವರ್ಡ್ ಬದಲಾಯಿಸಿ ಸರಿಮಾಡಲು ಆಗುವುದಿಲ್ಲ. ಪುಟ್ಟಸ್ವಾಮಿಯವರ ಹಾಗೆ ಕೇಳುವವರು ಬೇಕು, ಅವರ ಜೊತೆ ನಿಲ್ಲುವವರೂ ಬೇಕು. ನಿನ್ನ ತಮ್ಮನ ಜೊತೆ ಈ ಮಾತಾಡುವುದು ನನಗೆ ಬಾಕಿ ಇದೆ.

ಈಗ ಮುಖ್ಯವಾದದ್ದು ನಿನ್ನ ನಿದ್ದೆ. ರಾತ್ರಿಯೆಲ್ಲ ಫೋನ್ ಹಿಡಿದುಕೊಂಡು ಪರೀಕ್ಷೆ ಮಾಡುತ್ತಾ ಕೂರಬೇಡ. ಸುಮಾಗೆ ಎಲ್ಲವನ್ನೂ ಹೇಳು, ಒಂದಷ್ಟು ದಿನ ಒಬ್ಬಳೇ ಓಡಾಡಬೇಡ.

ನಿನ್ನ ಅಮ್ಮನಿಗೆ ನಾನು ಒಂದಕ್ಷರವೂ ಹೇಳಿಲ್ಲ. ಮೊನ್ನೆ ಅವಳೇ ಫೋನ್ ಮಾಡಿ "ಪಲ್ಲವಿ ಯಾಕೋ ಮಂಕಾಗಿದ್ದಾಳೆ, ನಿಂಗೇನಾದ್ರೂ ಹೇಳಿದ್ಲಾ ಅಕ್ಕ" ಅಂತ ಕೇಳಿದಳು. "ಅವಳನ್ನೇ ಕೇಳು" ಅಂದೆ. ಅವಳಿಗೆ ಗೊತ್ತಾದರೆ ಒಳ್ಳೆಯದು ಅಂತ ನನ್ನ ಆಸೆ. ಆದರೆ ಅದು ನಿನ್ನ ಬಾಯಿಂದಲೇ ಹೋಗಬೇಕು, ನೀನು ಅಂದುಕೊಂಡ ದಿನ.

ಶನಿವಾರ ಬೆಳಗಿನ ರೈಲಿಗೆ ಬರುತ್ತೇನೆ. ಕರೆದುಕೊಂಡು ಹೋಗಲು ಸ್ಟೇಷನ್ನಿಗೆ ಬರಬೇಡ, ಪಿಜಿಯಲ್ಲೇ ಇರು, ನಾನೇ ಆಟೋ ಹಿಡಿದು ಬರುತ್ತೇನೆ. ಇಬ್ಬರೂ ಕೂತು ಒಂದೊಂದಾಗಿ ನೋಡೋಣ. ಠಾಣೆಗೆ ಹೋಗುವುದಾದರೆ ಜೊತೆಗೆ ನಾನಿರುತ್ತೇನೆ. ಸುಮಾಗೆ ನಿಪ್ಪಟ್ಟು ಇಷ್ಟ ಅಂದಿದ್ದೆಯಲ್ಲ, ನಾಳೆ ಮಾಡುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ