ಅದು ನೀತಿಕಥೆಯಲ್ಲ, ಮಧ್ಯಾಹ್ನ ಕ್ಲೋಯೆಯದೂ ಅಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಎರಿಕ್ ರೋಮೆರ್ ಅವರ 1972ರ ಫ್ರೆಂಚ್ ಚಿತ್ರ ‘ಲಾಮೂರ್ ಲಾಪ್ರೆ-ಮಿದಿ’ಯ (‘ಮಧ್ಯಾಹ್ನದ ಪ್ರೇಮ’) ಕುರಿತು ಬಂದ ಬರಹ ಓದಿದೆವು. ಐವತ್ತು ವರ್ಷ ದಾಟಿದ ಚಿತ್ರಕ್ಕೆ ಅರ್ಧ ಪುಟ ಕೊಟ್ಟಿದ್ದೀರಿ, ಸಂತೋಷ. ಆದರೆ ‘ಪರಸ್ತ್ರೀಯ ಬಲೆಯಿಂದ ಪಾರಾದ ಗಂಡನ ನೀತಿಕಥೆ’ ಎಂಬ ತಲೆಬರಹ ನಂಬಿಕೊಂಡು ಚಿತ್ರ ನೋಡಲು ಕೂತವರು ಅರ್ಧ ತಾಸಿಗೆ ಆಕಳಿಸುತ್ತಾರೆ. ಇಲ್ಲಿ ಬಲೆಯೂ ಇಲ್ಲ, ಪಾರಾಗುವ ಶೌರ್ಯವೂ ಇಲ್ಲ.

ತಪ್ಪು ಶುರುವಾಗಿರುವುದು ಅನುವಾದದಲ್ಲಿ. ರೋಮೆರ್ ತಮ್ಮ ಆರು ಚಿತ್ರಗಳ ಮಾಲೆಗೆ ಇಟ್ಟ ಹೆಸರು ‘ಸಿ ಕೋಂತ್ ಮೊರೋ’. ಅದನ್ನು ‘ಆರು ನೀತಿಕಥೆಗಳು’ ಎಂದೊಡನೆ ನಮಗೆ ಪಂಚತಂತ್ರದ ಕೋತಿ, ಮೊಸಳೆ ಎದುರಿಗೆ ಬರುತ್ತವೆ. ಫ್ರೆಂಚರ ಮಾತಿನಲ್ಲಿ ‘ಮೊರಾಲಿಸ್ತ್’ ಉಪದೇಶ ಮಾಡುವವನಲ್ಲ. ಮನುಷ್ಯ ಒಳಗೊಳಗೇ ಏನು ಲೆಕ್ಕ ಹಾಕುತ್ತಾನೆ, ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ ತನಗೆ ತಾನೇ ಯಾವ ಸಮಜಾಯಿಷಿ ಕೊಟ್ಟುಕೊಳ್ಳುತ್ತಾನೆ ಎಂದು ಗಮನಿಸಿ ಬರೆದಿಡುವವನು. ‘ಅಂತರಂಗದ ಕಥೆಗಳು’ ಎಂದಿದ್ದರೆ ಮೂಲಕ್ಕೆ ಹತ್ತಿರವಾಗುತ್ತಿತ್ತು.

ಮಾಲೆಯ ಹಂದರ ಒಂದೇ: ಒಬ್ಬಳಿಗೆ ಮನಸ್ಸು ಕೊಟ್ಟ ಗಂಡಸು, ನಡುವೆ ಇನ್ನೊಬ್ಬಳ ಸೆಳೆತ, ಕೊನೆಗೆ ಮೊದಲನೆಯವಳ ಕಡೆಗೆ ಮರಳುವಿಕೆ. ಮುರ್ನೌ ಅವರ 1927ರ ಮೂಕಿಚಿತ್ರ ‘ಸನ್‌ರೈಸ್‌’ನಲ್ಲೂ ಇದೇ ಹಂದರ. ಅಲ್ಲಿ ಪರಸ್ತ್ರೀಯ ಮಾತು ಕೇಳಿ ಹೆಂಡತಿಯನ್ನು ಮುಳುಗಿಸಲು ದೋಣಿ ಹತ್ತುವಷ್ಟು ರಭಸವಿದೆ. ರೋಮೆರ್ ಆ ರಭಸವನ್ನೆಲ್ಲ ಸೋಸಿ ತೆಗೆದು, ಮಾತನ್ನಷ್ಟೇ ಉಳಿಸಿಕೊಂಡರು.

ಆರನೆಯ, ಅಂದರೆ ಕೊನೆಯ ಚಿತ್ರವಾದ ಇದರಲ್ಲಿ ಮಾತ್ರ ನಾಯಕನಿಗೆ ಕಥೆ ಶುರುವಾಗುವ ಹೊತ್ತಿಗೇ ಮದುವೆಯಾಗಿ ಮಗುವೂ ಇದೆ. ಫ್ರೆದೆರಿಕ್ ಉಪನಗರದಿಂದ ರೈಲು ಹಿಡಿದು ಪ್ಯಾರಿಸ್ಸಿನ ಕಚೇರಿಗೆ ಹೋಗುವವನು. ಹೆಂಡತಿ ಎಲೆನ್ ಇಂಗ್ಲಿಷ್ ಮೇಷ್ಟರು. ಎಲ್ಲರೂ ಉಂಡಾದ ಮೇಲೆ ತಡವಾಗಿ ಒಬ್ಬನೇ ಉಣ್ಣುವುದು, ಬೀದಿಯಲ್ಲಿ ಹೋಗಿಬರುವ ಹೆಂಗಸರನ್ನು ನೋಡುತ್ತ ಅಲೆಯುವುದು ಅವನ ಅಭ್ಯಾಸ. ಮಧ್ಯಾಹ್ನವಾದರೆ ಅವನಿಗೆ ಒಂದು ಬಗೆಯ ತಳಮಳ. ಹಳೆಯ ಗೆಳೆಯನ ಹಳೆಯ ಗೆಳತಿ ಕ್ಲೋಯೆ ಕಾಲಿಡುವುದು ಈ ತೆರಪಿಗೆ. ಅವಳು ಬಲೆ ಬೀಸಲಿಲ್ಲ, ಇವನೇ ಬಾಗಿಲು ತೆರೆದಿಟ್ಟು ಕೂತಿದ್ದ. ನಿಮ್ಮ ಲೇಖಕರು ಪೀಠಿಕೆಯ ಭಾಗವನ್ನು ‘ಎಳೆದಂತಿದೆ’ ಎಂದು ಬದಿಗೆ ಸರಿಸಿದ್ದಾರೆ. ಈ ಅಭ್ಯಾಸ, ಈ ತಳಮಳ ಎಲ್ಲ ಇರುವುದು ಆ ಪೀಠಿಕೆಯಲ್ಲೇ.

ಹೆಂಗಸರ ಮನೋಬಲವನ್ನೇ ಅಳಿಸಿಹಾಕುವ ತಾಯಿತವೊಂದು ತನ್ನ ಕೊರಳಲ್ಲಿದೆ ಎಂದು ಫ್ರೆದೆರಿಕ್ ಹಗಲುಗನಸು ಕಾಣುವುದೂ ಪೀಠಿಕೆಯಲ್ಲೇ. ದಾರಿಯಲ್ಲಿ ಎದುರಾಗುವ ಆರು ಹೆಂಗಸರು ಮಾಲೆಯ ಹಿಂದಿನ ಮೂರು ಚಿತ್ರಗಳ ನಟಿಯರು. ಫ್ರಾನ್ಸ್ವಾಜ್ ಫಾಬಿಯಾಂ, ಮರೀ-ಕ್ರಿಸ್ತೀನ್ ಬರೋ, ಐದೆ ಪೊಲಿತೋಫ್ ಮುಂತಾಗಿ ಐವರು ತಾಯಿತಕ್ಕೆ ಮಣಿಯುತ್ತಾರೆ. ಆರನೆಯವಳಾದ ಬೆಯಾತ್ರೀಸ್ ರೊಮಾಂ ಮುಂದೆ ಅದು ಕೆಲಸ ಮಾಡುವುದಿಲ್ಲ. ಹಿಂದಿನವನ್ನು ನೋಡದವರಿಗೆ ಇದು ಬರಿಯ ಚೇಷ್ಟೆಯಾಗಿ ಕಾಣುತ್ತದೆ. ನೋಡಿದವರು ನಗುತ್ತಾರೆ.

ಹಾಗಾಗಿ ನೋಡುವ ಕ್ರಮದ ಬಗ್ಗೆ ಒಂದು ಮಾತು. ಮೊದಲು 1963ರ ‘ಮೊನ್ಸೋದ ಬೇಕರಿ ಹುಡುಗಿ’ ಹಾಕಿ. ಬರೀ 23 ನಿಮಿಷ, ಇಡೀ ಮಾಲೆಯ ಹಂದರ ಅಷ್ಟರಲ್ಲೇ ಸಿಕ್ಕಿಬಿಡುತ್ತದೆ. ಆಮೇಲೆ ‘ಲಾ ಕಾರಿಯೇರ್ ದ ಸುಝಾನ್’ (1963), ‘ಲಾ ಕೊಲೆಕ್ಸಿಯೊನಜ್’ (1967), ‘ಮೋದ್ ಮನೆಯಲ್ಲಿ ನನ್ನ ರಾತ್ರಿ’ (1969), ‘ಕ್ಲೇರಳ ಮೊಣಕಾಲು’ (1970). ರೋಮೆರ್ ಕೊಟ್ಟ ಅಂಕಿಯ ಪ್ರಕಾರ ‘ಮೋದ್’ ಮೂರನೆಯದು, ತಯಾರಾದದ್ದು ನಾಲ್ಕನೆಯದಾಗಿ. ಕ್ರಿಸ್‌ಮಸ್ ಹೊತ್ತಿನಲ್ಲೇ ಚಿತ್ರೀಕರಿಸಬೇಕಿತ್ತು, ನಟ ತ್ರೆಂತಿನ್ಯಾಂ ಆ ವರ್ಷ ಬಿಡುವಾಗಿರಲಿಲ್ಲ, ರೋಮೆರ್ ಮುಂದಿನ ಚಳಿಗಾಲದವರೆಗೆ ಕಾದರು. ಎರಡು ಕ್ರಮದಲ್ಲಿ ಯಾವುದಾದರೂ ನಡೆಯುತ್ತದೆ, ಆರನೆಯದು ಕೊನೆಗೆ ಬಂದರೆ ಸಾಕು.

ಇನ್ನು ಕೊನೆಯ ಹದಿನೈದು ನಿಮಿಷ. ನಿಮ್ಮ ಲೇಖಕರ ಪ್ರಕಾರ ಅಲ್ಲಿ ‘ಮನಸ್ಸಾಕ್ಷಿ ಎಚ್ಚೆತ್ತುಕೊಳ್ಳುತ್ತದೆ’. ಪರದೆಯ ಮೇಲೆ ಎಚ್ಚೆತ್ತುಕೊಳ್ಳುವುದು ಒಂದು ಸ್ವೆಟರ್. ಕ್ಲೋಯೆ ಹಾಸಿಗೆಯಲ್ಲಿ ಕಾಯುತ್ತಿದ್ದಾಳೆ. ಫ್ರೆದೆರಿಕ್ ಕತ್ತು ಮುಚ್ಚುವ ಸ್ವೆಟರನ್ನು ತಲೆಯ ಮೇಲಿಂದ ಎಳೆಯುತ್ತಾನೆ, ಅದು ಮುಖದ ಸುತ್ತ ನಿಂತುಬಿಡುತ್ತದೆ, ಕನ್ನಡಿಯಲ್ಲಿ ತನ್ನನ್ನೇ ಕಾಣುತ್ತಾನೆ. ಮನೆಯಲ್ಲಿ ಮಗುವನ್ನು ನಗಿಸಲು ಅವನು ಮಾಡುತ್ತಿದ್ದುದು ಇದೇ ಕೋಡಂಗಿ ವೇಷ. ಅಲ್ಲಿಂದ ಸುರುಳಿ ಮೆಟ್ಟಿಲಿಳಿದು ಓಟ. ಒಂದೂವರೆ ಗಂಟೆ ತನ್ನನ್ನು ತಾನೇ ವಿವರಿಸಿಕೊಂಡವನು ಆ ಗಳಿಗೆಯಲ್ಲಿ ಒಂದು ಮಾತೂ ಆಡುವುದಿಲ್ಲ. ಇದನ್ನು ನೀತಿ ಎನ್ನುವುದೋ, ನಾಚಿಕೆ ಎನ್ನುವುದೋ, ಹೆದರಿಕೆ ಎನ್ನುವುದೋ? ನಮಗೆ ನಾಚಿಕೆ ಎನಿಸುತ್ತದೆ. ಮಗುವಿನ ಜೊತೆಗಿನ ಆಟವನ್ನು ಗಮನಿಸದೆ ಬಿಟ್ಟವರಿಗೆ ಈ ಓಟ ದಿಢೀರನೆ ಬಂದಂತೆ ಕಾಣುತ್ತದೆ. ನಗ್ನತೆಯ ನೆಪದಲ್ಲಿ ಆ ದೃಶ್ಯಕ್ಕೆ ಕತ್ತರಿ ಹಾಕಿದ ಪ್ರತಿಯಾದರೆ ಚಿತ್ರಕ್ಕೆ ಅಂತ್ಯವೇ ಉಳಿಯುವುದಿಲ್ಲ.

ಅವನು ಓಡಿ ಬರುವುದು ಮನೆಗೆ, ಅದೂ ಮಧ್ಯಾಹ್ನ. ಎಲೆನ್ ಮನೆಯಲ್ಲಿದ್ದಾಳೆ. ಏನೇನೋ ಮಾತು, ಅವಳಿಗೆ ಅಳು. ಯಾಕೆಂದು ಚಿತ್ರ ಹೇಳುವುದಿಲ್ಲ. ಅವಳಿಗೂ ತನ್ನದೇ ಮಧ್ಯಾಹ್ನಗಳಿದ್ದವೇ ಎಂಬ ಅನುಮಾನ ಒಮ್ಮೆ ಹೊಕ್ಕರೆ ಹೋಗುವುದಿಲ್ಲ. ಈ ಗಂಡಹೆಂಡತಿಯ ಪಾತ್ರ ಮಾಡಿದ ಬರ್ನಾರ್ ವೆರ್ಲೆ ಮತ್ತು ಫ್ರಾನ್ಸ್ವಾಜ್ ವೆರ್ಲೆ ಆಗ ನಿಜಜೀವನದಲ್ಲೂ ದಂಪತಿ. ಶೀರ್ಷಿಕೆಯ ‘ಮಧ್ಯಾಹ್ನದ ಪ್ರೇಮ’ ಹೆಂಡತಿಯ ಜೊತೆಗಿನದು ಎಂದು ಗೊತ್ತಾಗುವುದು ಇಲ್ಲಿ, ಅಲ್ಲಿಯವರೆಗೆ ನಾವೂ ಮೋಸ ಹೋಗಿರುತ್ತೇವೆ. ಅಮೆರಿಕದಲ್ಲಿ ‘ಕ್ಲೋಯೆ ಇನ್ ದಿ ಆಫ್ಟರ್‌ನೂನ್’ ಎಂದು ಹೆಸರಿಟ್ಟು ಆ ಮಧ್ಯಾಹ್ನವನ್ನು ಕ್ಲೋಯೆಗೆ ಬರೆದುಕೊಟ್ಟರು. ನಿಮ್ಮಲ್ಲೂ ಅದೇ ಹೆಸರು ಅಚ್ಚಾಗಿದೆ. ಚಿತ್ರದ ಇನ್ನೊಂದು ಇಂಗ್ಲಿಷ್ ಹೆಸರಾದ ‘ಲವ್ ಇನ್ ದಿ ಆಫ್ಟರ್‌ನೂನ್’ ಎಂದು ಹುಡುಕುವವರಿಗೂ ಎಚ್ಚರಿಕೆ: ಅದೇ ಹೆಸರಿನ 1957ರ ಬಿಲ್ಲಿ ವೈಲ್ಡರ್ ಚಿತ್ರವಿದೆ, ಆಡ್ರಿ ಹೆಪ್‌ಬರ್ನ್ ನಟಿಸಿದ್ದು. ಅದರದೂ ಪ್ಯಾರಿಸ್ ಕಥೆ, ಆದರೆ ಸಂಬಂಧವೇ ಇಲ್ಲ. ವರ್ಷ ನೋಡಿ ಆರಿಸಬೇಕು.

ಫಿಲ್ಮ್ ಸೊಸೈಟಿಯವರು, ಕಾಲೇಜಿನವರು ಇದನ್ನು ತೋರಿಸುವುದಾದರೆ ಮೊದಲು ಚೌಕಟ್ಟು ನೋಡಿಕೊಳ್ಳಲಿ. ಚಿತ್ರದ ಅಗಲ ಎತ್ತರದ 1.37 ಪಟ್ಟು, ಈಗಿನ ಬಹಳಷ್ಟು ಪ್ರೊಜೆಕ್ಟರುಗಳದು 1.78 ಪಟ್ಟು. ಎಡಬಲಕ್ಕೆ ಕಪ್ಪು ಪಟ್ಟಿ ಇರಲೇಬೇಕು. ಪರದೆ ತುಂಬಲಿ ಎಂದು ಜೂಮ್ ಒತ್ತಿದರೆ ಮೇಲೆ ಕೆಳಗೆ ಸೇರಿ ಚಿತ್ರದ ಹೆಚ್ಚುಕಡಿಮೆ ಕಾಲುಭಾಗ ಹೋಗುತ್ತದೆ. ಎಳೆದು ಹಿಗ್ಗಿಸಿದರೆ ಮುಖಗಳು ಶೇಕಡ 30ರಷ್ಟು ಅಗಲವಾಗುತ್ತವೆ. ಛಾಯಾಗ್ರಾಹಕ ನೆಸ್ತೋರ್ ಅಲ್ಮೆಂದ್ರೋಸ್ ಅವರಿಗೆ ಅದಕ್ಕಿಂತ ದೊಡ್ಡ ಅನ್ಯಾಯ ಬೇಡ.

ಎರಡನೆಯದು ಅವಧಿ. ಸೆಕೆಂಡಿಗೆ 24 ಫ್ರೇಮಿನ ಪ್ರತಿ 97 ನಿಮಿಷ ಓಡುತ್ತದೆ, 25ರ ಹಳೆಯ ಯೂರೋಪಿಯನ್ ಡಿವಿಡಿ 93ಕ್ಕೆ ಮುಗಿಯುತ್ತದೆ. ಒಂದಕ್ಕೆ ಮಾಡಿದ ಸಬ್‌ಟೈಟಲನ್ನು ಇನ್ನೊಂದಕ್ಕೆ ಹಾಕಿದರೆ ನಿಮಿಷಕ್ಕೆ ಸುಮಾರು ಎರಡೂವರೆ ಸೆಕೆಂಡು ಜಾರುತ್ತದೆ. ಆರಂಭದಲ್ಲಿ ಸರಿ ಕೂಡಿಸಿದರೂ ಹತ್ತೇ ನಿಮಿಷಕ್ಕೆ ಗಂಡನ ಮಾತು ಹೆಂಡತಿಯ ಬಾಯಲ್ಲಿರುತ್ತದೆ. ಸಾಲುಗಳನ್ನು ಹಿಂದೆ ಮುಂದೆ ಸರಿಸಿ ಪ್ರಯೋಜನವಿಲ್ಲ, ಎಲ್ಲ ಸಮಯವನ್ನೂ 25/24ರಿಂದ ಗುಣಿಸಬೇಕು ಅಥವಾ ಭಾಗಿಸಬೇಕು.

ಕನ್ನಡದಲ್ಲೇ ಸಬ್‌ಟೈಟಲ್ ಮಾಡುವವರಿಗೆ ಒಂದು ಲಾಭ ಇದೆ. ಫ್ರೆಂಚಿನ ‘ತು’, ‘ವು’ ಇಂಗ್ಲಿಷಿನಲ್ಲಿ ಕರಗಿಹೋಗುತ್ತವೆ, ನಮ್ಮಲ್ಲಿ ನೀನು, ನೀವು ಸಿದ್ಧವಾಗಿವೆ. ಇಂಗ್ಲಿಷ್ ಪ್ರತಿ ಇಟ್ಟುಕೊಂಡು ಅನುವಾದಿಸದೆ, ಯಾರು ಯಾರಿಗೆ ಏನನ್ನುತ್ತಾರೆ ಎಂದು ಕಿವಿಯಿಂದ ಕೇಳಿ ಗುರುತು ಮಾಡಿಕೊಳ್ಳಬೇಕು. ಸಾಲಿನ ಅಂತರವನ್ನೂ ಹೆಚ್ಚಿಸಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಓದಲು ಬರುವುದಿಲ್ಲ.

ಕೊನೆಗೊಂದು ತಿದ್ದುಪಡಿ. ಪುರವಣಿಯ ಫೋಟೊದ ಕೆಳಗೆ ‘ಪತಿವ್ರತೆ ಪತ್ನಿ ಎಲೆನ್’ ಎಂದು ಅಚ್ಚಾಗಿದೆ. ಅಲ್ಲಿರುವುದು ನಟಿ ಝೂಝೂ, ಅಂದರೆ ಕ್ಲೋಯೆ.

ಇತಿ,
ಫಿಲ್ಮ್ ಸೊಸೈಟಿಯೊಂದರ ಪ್ರದರ್ಶನ ಸಮಿತಿಯವರು
ಮೈಸೂರು